ಆ ದೊಡ್ಡವರೆಲ್ಲ ಏನು ಮಾಡುತ್ತಿದ್ದರು?

ಹನ್ನೆರಡರಿಂದ ಹದಿನೈದರ ವಯಸ್ಸಿನವರಿಗಾಗಿ ನಾನು ಕಥೆ ಬರೆಯುತ್ತೇನೆ. ಮಾಯಾದಂಡ, ಮಾತನಾಡುವ ಪ್ರಾಣಿ ಯಾವುದೂ ಇಲ್ಲದ, ಮನೆ, ಶಾಲೆ, ಗೆಳೆತನಗಳ ನಡುವೆಯೇ ನಡೆದು ಮುಗಿಯುವ ಕಥೆಗಳು. ಅವನ್ನು ಓದಿದ ತಂದೆ ತಾಯಿಯರು ಸಿಕ್ಕಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ: "ಮಗು ಅಷ್ಟು ಕಷ್ಟಪಡುವಾಗ ಮನೆಯ ದೊಡ್ಡವರೆಲ್ಲ ಏನು ಮಾಡುತ್ತಿದ್ದರು? ಒಬ್ಬರಾದರೂ ಬಂದು ಸರಿಮಾಡಬಾರದಿತ್ತೇ?" ಕೇಳುವ ದನಿಯಲ್ಲಿ ಸಣ್ಣದೊಂದು ಮುನಿಸೂ ಇರುತ್ತದೆ, ನಾನು ಅವರನ್ನೇ ಬೈದು ಬರೆದೆನೇನೋ ಎಂಬಂತೆ.

ಕಸುಬಿನ ಲೆಕ್ಕದಲ್ಲಿ ಉತ್ತರ ಸುಲಭ. ದೊಡ್ಡವರು ಬಂದು ಸರಿಮಾಡಿದರೆ ಕಥೆ ಅವರದಾಗುತ್ತದೆ, ಮಗು ಪಕ್ಕಕ್ಕೆ ಸರಿದು ನೋಡುತ್ತ ನಿಲ್ಲುತ್ತದೆ. ಮಕ್ಕಳಿಗಾಗಿ ಬರೆಯುವ ಎಷ್ಟೋ ಮಂದಿ ಮೊದಲ ಅಧ್ಯಾಯದಲ್ಲೇ ತಂದೆ ತಾಯಿಯರನ್ನು ಪ್ರಯಾಣಕ್ಕೆ ಕಳಿಸಿಯೋ ಸಾಯಿಸಿಯೋ ಕೈತೊಳೆದುಕೊಳ್ಳುವುದು ಇದಕ್ಕೇ. ಅಮೆರಿಕದ ಲೇಖಕಿ ಎಸ್. ಇ. ಹಿಂಟನ್ ಅವರ 'ದಿ ಔಟ್‌ಸೈಡರ್ಸ್' ಕಾದಂಬರಿಯಲ್ಲೂ ಮೂವರು ಅಣ್ಣತಮ್ಮಂದಿರ ಹೆತ್ತವರು ಕಥೆ ಶುರುವಾಗುವ ಮೊದಲೇ ಅಪಘಾತದಲ್ಲಿ ತೀರಿಕೊಂಡಿರುತ್ತಾರೆ. ಆದರೆ ಹಿಂಟನ್ ಅದನ್ನು ಬರೆಯಲು ಕುಳಿತಾಗ ಆಕೆಗೆ ಹದಿನೈದು ವರ್ಷ, 1967ರಲ್ಲಿ ಅಚ್ಚಾದಾಗ ಹದಿನೆಂಟು. ಆ ವಯಸ್ಸಿಗೆ ದೊಡ್ಡವರು ಎಷ್ಟು ದೂರದಲ್ಲಿ ಕಾಣುತ್ತಾರೆ ಎಂಬುದನ್ನು ಆಕೆ ನನ್ನ ಹಾಗೆ ನೆನಪಿನಿಂದ ಕೆದಕಿ ತೆಗೆಯಬೇಕಾಗಿರಲಿಲ್ಲ. (ಹುಡುಗರ ಹೊಡೆದಾಟದ ಕಥೆಯನ್ನು ಹುಡುಗಿ ಬರೆದಿದ್ದಾಳೆಂದು ವಿಮರ್ಶಕರು ಮೂಗು ಮುರಿದಾರೆಂದು ಹೆದರಿ, ಪ್ರಕಾಶಕರು ಪುಸ್ತಕದ ಮೇಲೆ ಆಕೆಯ ಇನಿಷಿಯಲ್‌ಗಳನ್ನಷ್ಟೇ ಹಾಕಿಸಿದರು. ದೊಡ್ಡವರು ಅಲ್ಲೂ ನೆರವಿಗೆ ಬಂದದ್ದು ಹೀಗೆ!)

ನಾನು ಯಾರನ್ನೂ ಸಾಯಿಸುವುದಿಲ್ಲ. ನನ್ನ ಕಥೆಗಳಲ್ಲಿ ದೊಡ್ಡವರು ಮನೆಯಲ್ಲೇ ಇರುತ್ತಾರೆ, ಪಕ್ಕದ ಕೋಣೆಯಲ್ಲೇ. ಇದ್ದೂ ಅವರ ಕೈಯಲ್ಲಿ ಆಗುವುದಿಲ್ಲ. ಏಕೆಂದರೆ ಬೆಳೆಯುವುದು ಎಂದರೆ ನನ್ನ ಮಟ್ಟಿಗೆ ಮೊದಲ ಪ್ರೇಮವಲ್ಲ, ಫೇಲಾದ ಪರೀಕ್ಷೆಯೂ ಅಲ್ಲ. ಅಪ್ಪನೂ ಹೆದರುತ್ತಾನೆ ಎಂಬುದು ಮಗುವಿಗೆ ಗೊತ್ತಾಗುವ ದಿನ ಅದು.

ಒಂದು ಕಥೆಯಲ್ಲಿ ಹದಿಮೂರರ ಹುಡುಗಿಯೊಬ್ಬಳು ಬಚ್ಚಲಲ್ಲಿ ಮುಖ ತೊಳೆಯುತ್ತಿರುವಾಗ ಗೋಡೆಯಾಚೆ ಅಪ್ಪ ಫೋನಿನಲ್ಲಿ ಮಾತನಾಡುವುದು ಕೇಳಿಸುತ್ತದೆ. ಕೆಲಸ ಹೋಗಿ ಎರಡು ತಿಂಗಳಾಗಿದೆ, ಮನೆಯಲ್ಲಿ ಇನ್ನೂ ಹೇಳಿಲ್ಲ. ಮೊದಲ ಕರಡಿನಲ್ಲಿ ಅವಳು ಓಡಿಹೋಗಿ ಅಪ್ಪನನ್ನು ತಬ್ಬಿಕೊಂಡು, "ನನಗೆ ಎಲ್ಲ ಗೊತ್ತಪ್ಪಾ" ಎಂದು ಅಳುತ್ತಿದ್ದಳು. ಎರಡು ಪುಟ ಅಳು. ಬರೆಯುವಾಗ ನನ್ನ ಕಣ್ಣೂ ತೇವವಾಗಿತ್ತು, ಅದಕ್ಕೇ ಅನುಮಾನ ಬಂತು. ಆ ವಯಸ್ಸಿನ ಮಕ್ಕಳು ಅಷ್ಟು ಬೇಗ ಬಾಯಿಬಿಡುವುದಿಲ್ಲ. ಎರಡು ಪುಟವನ್ನೂ ಹೊಡೆದುಹಾಕಿದೆ. ಈಗ ಅವಳು ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸುತ್ತಾಳೆ, ತನಗೆ ಏನೂ ಕೇಳಿಸಲಿಲ್ಲ ಎಂದು ಅಪ್ಪ ನಂಬಲಿ ಎಂದು. ಬಕೆಟ್ ತುಂಬಿ ನೀರು ಪಾದದ ಮೇಲೆ ಹರಿಯುತ್ತಿದ್ದರೂ ನಲ್ಲಿ ನಿಲ್ಲಿಸುವುದಿಲ್ಲ. ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ.

ಹಾಗೆಂದು ದೊಡ್ಡವರೆಲ್ಲ ಕೆಟ್ಟವರು, ಮಕ್ಕಳೆಲ್ಲ ಬುದ್ಧಿವಂತರು ಎಂಬ ಕಥೆಗಳೂ ನನಗೆ ಒಗ್ಗುವುದಿಲ್ಲ. ಅದು ಓದುವ ಮಕ್ಕಳನ್ನು ಓಲೈಸುವ ಅಡ್ಡದಾರಿ. ಅಮೆರಿಕದ ಇನ್ನೊಬ್ಬ ಲೇಖಕಿ ಕ್ಯಾಥರೀನ್ ಪ್ಯಾಟರ್ಸನ್ ತಮ್ಮ ಮಗನ ಪುಟ್ಟ ಗೆಳತಿ ಸಿಡಿಲು ಬಡಿದು ತೀರಿಕೊಂಡ ಮೇಲೆ ಬರೆದ 'ಬ್ರಿಡ್ಜ್ ಟು ಟೆರಾಬಿಥಿಯಾ' (1977) ಎಂಬ ಕಾದಂಬರಿಯನ್ನು ನಾನು ಮತ್ತೆ ಮತ್ತೆ ತೆರೆಯುವುದು ಅಲ್ಲಿನ ಅಪ್ಪನಿಗಾಗಿ. ಬಿರುಸು ಮಾತಿನ, ದುಡಿದು ದಣಿದ ಮನುಷ್ಯ. ಮಗನನ್ನು ಮುದ್ದಿಸಿದ್ದು ಕಡಿಮೆ. ಗೆಳತಿ ಸತ್ತಳೆಂದು ಕೇಳಿದ ಹುಡುಗ ರಸ್ತೆಗುಂಟ ಓಡತೊಡಗಿದಾಗ ಅವನು ಗಾಡಿಯಲ್ಲಿ ಹಿಂದೆಯೇ ಬರುತ್ತಾನೆ, ಕೂಸನ್ನು ಎತ್ತಿಕೊಳ್ಳುವಂತೆ ಮಗನನ್ನು ಎತ್ತಿಕೊಳ್ಳುತ್ತಾನೆ. ಸತ್ತವಳನ್ನು ಅವನು ತಂದುಕೊಡಲಾರ. ಆದರೂ ಹಿಂದೆ ಬಂದನಲ್ಲ! ನನ್ನ ದೊಡ್ಡವರಿಂದ ನಾನು ಬಯಸುವುದು ಅಷ್ಟನ್ನೇ, ಅದನ್ನು ಬರೆಯುವುದೇ ಕಷ್ಟ.

ಇನ್ನೊಂದು ಮಾತು. ದೊಡ್ಡವರು ಏಕೆ ಸರಿಮಾಡಲಿಲ್ಲ ಎಂದು ಇದುವರೆಗೆ ಒಂದು ಮಗುವೂ ನನ್ನನ್ನು ಕೇಳಿಲ್ಲ. ನಲ್ಲಿಯ ಕಥೆ ಓದಿದ ಹುಡುಗನೊಬ್ಬ ಎಲ್ಲರೂ ಹೋಗುವವರೆಗೆ ಕಾದು ಹತ್ತಿರ ಬಂದ. "ನಲ್ಲಿ ಯಾಕೆ ಅಷ್ಟು ಹೊತ್ತು ಬಿಟ್ಟಿದ್ದಳು ಎಂದು ಅವಳ ಅಪ್ಪನಿಗೆ ಗೊತ್ತಾಯಿತೇ?" ಎಂದು ಕೇಳಿದ. ನಿನಗೇನನ್ನಿಸುತ್ತದೆ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ಗೊತ್ತಾಗಿರುತ್ತದೆ. ಆದರೆ ಅವರೂ ಹೇಳಿರುವುದಿಲ್ಲ" ಎಂದ. ಪುಸ್ತಕಕ್ಕೆ ಸಹಿಯನ್ನೂ ಕೇಳದೆ ಹೊರಟುಹೋದ.