ಮೊಂತಾನಿಯೆ ಅವರ ನೊಬೆಲ್ ಮತ್ತು ಆನಂತರದ ಮಾತುಗಳು

1983ರ ಜನವರಿಯ ಮೊದಲ ವಾರದಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಯೊಂದರಿಂದ ಪಾಸ್ಚರ್ ಸಂಸ್ಥೆಗೆ ರೋಗಿಯೊಬ್ಬನ ದುಗ್ಧಗ್ರಂಥಿಯ ಚೂರೊಂದು ಬಂತು. ಕಳುಹಿಸಿದವರು ವೈದ್ಯ ವಿಲ್ಲಿ ರೋಜೆನ್‌ಬಾಮ್. ಆ ಚೂರಿನ ಜೀವಕೋಶಗಳನ್ನು ಬಿಡಿಸಿ ಬೆಳೆಸಲು ಇಟ್ಟವರು ಅಲ್ಲಿನ ವಿಜ್ಞಾನಿ ಲ್ಯುಕ್ ಮೊಂತಾನಿಯೆ. ಕೆಲವು ದಿನಗಳಿಗೊಮ್ಮೆ ಅದರಲ್ಲಿ ರೆಟ್ರೊವೈರಸ್ ಎಂಬ ಬಗೆಯ ವೈರಸ್ಸಿನ ಕಿಣ್ವವನ್ನು ಹುಡುಕುತ್ತಿದ್ದವರು ಫ್ರಾಂಸ್ವಾಸ್ ಬಾರೆ-ಸಿನೂಸಿ. ಕಿಣ್ವ ಕಾಣಿಸಿಕೊಂಡಿತು, ಆದರೆ ಅಷ್ಟರಲ್ಲೇ ಜೀವಕೋಶಗಳು ಸಾಯತೊಡಗಿದವು. ಆರೋಗ್ಯವಂತ ರಕ್ತದಾನಿಯೊಬ್ಬರ ಬಿಳಿ ರಕ್ತಕಣಗಳನ್ನು ಸೇರಿಸಿದಾಗ ಕಿಣ್ವದ ಚಟುವಟಿಕೆ ಮತ್ತೆ ಏರಿತು, ಆ ಹೊಸ ಕಣಗಳೂ ಸತ್ತವು. ಕೊಲ್ಲುತ್ತಿದ್ದ ವೈರಸ್ಸಿನ ಕಣಗಳನ್ನು ಫೆಬ್ರವರಿಯ ಆರಂಭದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡವರು ಶಾರ್ಲ್ ದೊಗೆ. ಏಡ್ಸ್ ರೋಗದ ಮೂಲವಾದ, ಇಂದು ಎಚ್‌ಐವಿ ಎನ್ನುವ ವೈರಸ್ ತಿಳಿದದ್ದು ಹೀಗೆ.

ಇಷ್ಟು ಹೆಸರುಗಳನ್ನು ಬೇಕೆಂದೇ ಬರೆದಿದ್ದೇನೆ. ಆ ಶೋಧವು ಒಬ್ಬರ ಮಾತಿನ ಮೇಲೆ ನಿಂತದ್ದಲ್ಲ. ಒಬ್ಬರು ಕಂಡದ್ದನ್ನು ಇನ್ನೊಬ್ಬರು ಅಳೆದು, ಮತ್ತೊಬ್ಬರು ಕಣ್ಣಾರೆ ನೋಡಿ, ಕೊನೆಗೆ ಅಮೆರಿಕದ ರಾಬರ್ಟ್ ಗ್ಯಾಲೊ ಅವರಂಥ ಪ್ರತಿಸ್ಪರ್ಧಿಯ ಪ್ರಯೋಗಾಲಯದ ಪರೀಕ್ಷೆಗಳನ್ನೂ ದಾಟಿ ಅದು ಗಟ್ಟಿಯಾಯಿತು. ಮೊಂತಾನಿಯೆ ಮತ್ತು ಬಾರೆ-ಸಿನೂಸಿ ಅವರಿಗೆ 2008ರಲ್ಲಿ ಸಂದ ನೊಬೆಲ್, ಆ ಶ್ರಮಕ್ಕೆ ಸಂದ ನ್ಯಾಯವಾದ ಗೌರವ.

ಮೊಂತಾನಿಯೆ ದಾರಿ ತಪ್ಪಿದ್ದು ಅದರ ಮರುವರ್ಷವೇ ಎದ್ದು ಕಂಡಿತು. ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ನೀರಿನಲ್ಲಿ ಅತಿಯಾಗಿ ತೆಳುಗೊಳಿಸಿದರೂ ಆ ನೀರು ವಿದ್ಯುತ್ಕಾಂತೀಯ ಸಂಕೇತಗಳನ್ನು ಹೊರಸೂಸುತ್ತದೆ ಎಂಬ ಅವರ ಪ್ರಬಂಧ 2009ರಲ್ಲಿ ಪ್ರಕಟವಾಯಿತು. ಪ್ರಕಟಿಸಿದ ಪತ್ರಿಕೆಯ ಸಂಪಾದಕ ಮಂಡಳಿಯಲ್ಲಿ ಅವರೇ ಇದ್ದರು. ಫ್ರಾನ್ಸಿನ ನಿವೃತ್ತಿ ನಿಯಮದಿಂದ ಮೊದಲೇ ನೊಂದಿದ್ದ ಅವರು 2010ರಲ್ಲಿ ಶಾಂಘೈನ ವಿಶ್ವವಿದ್ಯಾಲಯವೊಂದಕ್ಕೆ ಹೊರಟರು. ಮಕ್ಕಳಿಗೆ ಕಡ್ಡಾಯವಾದ ಲಸಿಕೆಗಳನ್ನು 3ರಿಂದ 11ಕ್ಕೆ ಏರಿಸಲು ಫ್ರಾನ್ಸ್ ಸಿದ್ಧವಾಗುತ್ತಿದ್ದ 2017ರ ನವೆಂಬರಿನಲ್ಲಿ, ಶಿಶುಗಳ ಹಠಾತ್ ಸಾವಿಗೂ ಲಸಿಕೆಗೂ ಅವರು ನಂಟು ಕಲ್ಪಿಸಿದರು. ಅಲ್ಲಿನ ವಿಜ್ಞಾನ ಮತ್ತು ವೈದ್ಯಕೀಯ ಅಕಾಡೆಮಿಗಳ 106 ಸದಸ್ಯರು ಬಹಿರಂಗವಾಗಿ ಖಂಡಿಸಿದರೂ ಅವರು ಹಿಂಜರಿಯಲಿಲ್ಲ.

ಸಾಂಕ್ರಾಮಿಕ ಬಂದಾಗ ಈ ಅಭ್ಯಾಸಕ್ಕೆ ಜಗತ್ತೇ ಸಭಾಂಗಣವಾಯಿತು. ಕೊರೊನಾ ವೈರಸ್ಸಿನೊಳಗೆ ಎಚ್‌ಐವಿಯ ತುಣುಕುಗಳನ್ನು ಪ್ರಯೋಗಾಲಯದಲ್ಲಿ ಸೇರಿಸಲಾಗಿದೆ ಎಂದು 2020ರ ಏಪ್ರಿಲ್‌ನಲ್ಲಿ ಅವರು ಫ್ರೆಂಚ್ ಟಿವಿಯಲ್ಲಿ ಹೇಳಿದರು. ಅಂಥ ಹೋಲಿಕೆಯನ್ನು ದಿಲ್ಲಿಯ ಸಂಶೋಧಕರ ತಂಡವೊಂದು ಜನವರಿ ಕೊನೆಯಲ್ಲಿ ಕರಡು ಪ್ರಬಂಧವಾಗಿ ಪ್ರಕಟಿಸಿ, ಟೀಕೆಗಳು ಬಂದ ಕೂಡಲೇ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತ್ತು. ಅಷ್ಟು ಚಿಕ್ಕ ಅನುಕ್ರಮಗಳು ಬೇರೆ ಎಷ್ಟೋ ಜೀವಿಗಳಲ್ಲೂ ಸಿಗುತ್ತವೆ ಎಂಬುದೇ ಟೀಕೆಯ ತಿರುಳು. ವೈರಸ್ ಎಲ್ಲಿಂದ ಬಂತೆಂಬ ಚರ್ಚೆ ಇಂದಿಗೂ ಮುಗಿದಿಲ್ಲ, ನಿಜ. ಆದರೆ ಎಚ್‌ಐವಿ ತುಣುಕುಗಳ ಈ ವಾದಕ್ಕೆ ಆಧಾರ ಸಿಗಲಿಲ್ಲ. ಆ ಸಂಶೋಧಕರು ತೋರಿದ ವಿನಯವನ್ನು ನೊಬೆಲ್ ಪುರಸ್ಕೃತರು ತೋರಲಿಲ್ಲವೆಂಬುದು ನನಗೆ ತುಂಬ ನೋವಿನ ಸಂಗತಿ.

2021ರ ಮೇ ತಿಂಗಳಲ್ಲಿ ಅವರ ಇನ್ನೊಂದು ಸಂದರ್ಶನ ಹರಡಿತು. ರೂಪಾಂತರಿ ತಳಿಗಳು ಹುಟ್ಟುವುದೇ ಲಸಿಕೆಯಿಂದ ಎಂದು ಅದರಲ್ಲಿ ಅವರು ವಾದಿಸಿದ್ದರು. ಡೆಲ್ಟಾ ತಳಿ ನಮ್ಮ ದೇಶದಲ್ಲಿ ಪತ್ತೆಯಾದ ಮೊದಲ ಮಾದರಿಗಳು 2020ರ ಅಕ್ಟೋಬರಿನವು. ಇಲ್ಲಿ ಲಸಿಕೆ ಆರಂಭವಾದದ್ದು 2021ರ ಜನವರಿ 16ರಂದು. ದಿನಾಂಕಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು, ವಾದ ನಿಲ್ಲುವುದಿಲ್ಲ. ಆ ಸಂದರ್ಶನದ ಬೆನ್ನಿಗೇ, ಲಸಿಕೆ ಪಡೆದವರೆಲ್ಲ ಎರಡು ವರ್ಷಗಳಲ್ಲಿ ಸಾಯುತ್ತಾರೆ ಎಂಬ ಸಂದೇಶ ಅವರ ಚಿತ್ರದೊಂದಿಗೆ ವಾಟ್ಸಾಪ್‌ನಲ್ಲಿ ಬಂತು. ಈ ಮಾತನ್ನು ಮೊಂತಾನಿಯೆ ಆಡಿರಲೇ ಇಲ್ಲ, ಅದು ಯಾರೋ ಕಟ್ಟಿದ ಸುಳ್ಳು ಎಂಬುದನ್ನು ಅವರನ್ನು ಟೀಕಿಸುವವರೂ ಸ್ಪಷ್ಟವಾಗಿ ಹೇಳಬೇಕು. ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಸಂಸ್ಥೆಯಾದ ಪಿಐಬಿಯೂ ಅದನ್ನು ಸುಳ್ಳೆಂದು ಆಗಲೇ ತಿಳಿಸಿತ್ತು. ಆದರೆ ಸುಳ್ಳು ಕಟ್ಟಿದವರಿಗೆ ಅವರ ಹೆಸರೇ ಒದಗಿದ್ದು ಆಕಸ್ಮಿಕವಲ್ಲ. ಎರಡನೆಯ ಅಲೆಯಲ್ಲಿ ಊರೂರಲ್ಲಿ ಸಾವು ಕಾಣುತ್ತಿದ್ದಾಗ, ಮಧುಮೇಹವಿದ್ದ ನಮ್ಮ ದೊಡ್ಡಪ್ಪ ಆ ಸಂದೇಶವನ್ನು ನನಗೆ ತೋರಿಸಿ, "ನೊಬೆಲ್ ಬಂದೋರು ಸುಮ್ಮನೆ ಹೇಳ್ತಾರೇನಪ್ಪಾ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಪ್ರಶಸ್ತಿ ಬಂದದ್ದು 1983ರ ಆ ಒಂದು ಕೆಲಸಕ್ಕೆ, ಅದನ್ನು ಪರೀಕ್ಷಿಸಿದವರು ಹಲವರಿದ್ದರು, ಈ ಮಾತಿಗೆ ಅಂಥ ಪರೀಕ್ಷೆಯೇ ಆಗಿಲ್ಲ ಎಂದು ವಿವರಿಸಿದೆ. ಒಂದು ವಾರ ಯೋಚಿಸಿ ಅವರು ಲಸಿಕೆ ಹಾಕಿಸಿಕೊಂಡರು.

2022ರ ಜನವರಿಯಲ್ಲಿ ಮಿಲಾನ್ ನಗರದ ಲಸಿಕೆ ವಿರೋಧಿ ಸಭೆಯಲ್ಲಿ ಮಾತನಾಡಿದ್ದ ಮೊಂತಾನಿಯೆ, ಫೆಬ್ರವರಿ 8ರಂದು ತಮ್ಮ 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ಎಚ್‌ಐವಿ ಗುರುತಿಸಿದ ಕೆಲಸದಿಂದ ರಕ್ತಪರೀಕ್ಷೆ ಸಾಧ್ಯವಾಯಿತು, ಔಷಧಿಗಳು ಬಂದವು, ಲಕ್ಷಾಂತರ ಜೀವಗಳು ಉಳಿದವು. ಆ ಋಣವನ್ನು ನಾನು ಮರೆಯಲಾರೆ. ಅದೇ ಪ್ರಶಸ್ತಿಯನ್ನು ಹಂಚಿಕೊಂಡ ಬಾರೆ-ಸಿನೂಸಿ 2020ರ ಮಾರ್ಚಿನಲ್ಲಿ ಫ್ರಾನ್ಸ್ ಸರ್ಕಾರದ ಕೊರೊನಾ ಸಂಶೋಧನಾ ಸಲಹಾ ಸಮಿತಿಯ ಅಧ್ಯಕ್ಷತೆ ವಹಿಸಿ, ಹತ್ತಾರು ತಜ್ಞರ ನಡುವೆ ಕುಳಿತು, ಯಾವ ಚಿಕಿತ್ಸೆಗೆ ಪುರಾವೆ ಇದೆ, ಯಾವುದಕ್ಕೆ ಇಲ್ಲ ಎಂದು ತೂಗುವ ಕೆಲಸಕ್ಕೆ ಇಳಿದಿದ್ದರು. ಆಕೆಯ ಚಿತ್ರವಿದ್ದ ಸಂದೇಶ ನಮ್ಮ ಮನೆಯ ಯಾರ ಫೋನಿಗೂ ಬರಲಿಲ್ಲ.