ಏರಿ ಇಲ್ಲದ ಕೆರೆ

"ಏರಿ ಎಲ್ಲೈತೆ ಮಗಾ?"

ಭಾನುವಾರದಿಂದ ಇದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಕೋಲಾರದ ಹತ್ತಿರ ನಮ್ಮೂರಿಗೆ ಹೋಗಿದ್ದೆ. ಬಾಕಿ ಕೆಲಸ ಇತ್ತು, ಜಗಲಿ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕೂತೆ. ಸೈಬೀರಿಯಾದ ಕೆರೆ, ಹೊಂಡಗಳನ್ನು ಉಪಗ್ರಹ ಚಿತ್ರದಲ್ಲಿ ಗುರುತಿಸುವುದು ನನ್ನ ಕೆಲಸ. ನೀರು ಇನ್‌ಫ್ರಾರೆಡ್ ಬೆಳಕನ್ನು ನುಂಗಿಬಿಡುತ್ತದೆ, ಹಾಗಾಗಿ ಆ ಚಿತ್ರದಲ್ಲಿ ಕಪ್ಪಗೆ ಕಾಣುತ್ತದೆ. ಪರದೆ ತುಂಬಾ ಎಳ್ಳು ಚೆಲ್ಲಿದ ಹಾಗೆ ಕೆರೆಗಳು.

ದೊಡ್ಡಪ್ಪ ಬಗ್ಗಿ ನೋಡಿದರು. ಕೆರೆ ನೋಡಿಕೊಂಡು ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ, ನಮ್ಮೂರಿನಲ್ಲಿ ಕೊನೆಯವರು. ತೂಬು ಎತ್ತಿ ಇಪ್ಪತ್ತು ವರ್ಷವಾಯಿತು, ಗತ್ತು ಮಾತ್ರ ಹಾಗೇ ಇದೆ.

"ಇಷ್ಟೊಂದು ಕೆರೆ! ಏರಿ ಎಲ್ಲೈತೆ?"

ಯಾರೂ ಕಟ್ಟಿದ್ದಲ್ಲ ದೊಡ್ಡಪ್ಪ, ತಾವಾಗೇ ಆದವು ಅಂದೆ.

"ಏರಿ ಇಲ್ದೆ ನೀರು ಹೆಂಗೆ ನಿಲ್ತದೆ?"

ಸುಮ್ನೆ ಬಿಡುವ ಆಸಾಮಿ ಅಲ್ಲ. ಅಲ್ಲಿ ನೆಲ ಆಳದವರೆಗೂ ಹೆಪ್ಪುಗಟ್ಟಿರುತ್ತದೆ, ನೀರು ಇಂಗೋಕೆ ಜಾಗವಿಲ್ಲ ಅಂದೆ.

"ಓ, ಐಸೇ ಏರಿ ಅನ್ನು. ಕರಗಿದ್ರೆ?"

ಕರಗಿದರೆ ಕೆರೆ ಒಡೆಯುತ್ತದೆ. ಇಲ್ಲವೇ ನೀರು ಕೆಳಗಿಳಿದು ಹೋಗುತ್ತದೆ. 1973ರ ಚಿತ್ರಗಳನ್ನು 1997–98ರವುಗಳ ಪಕ್ಕ ಇಟ್ಟು ನೋಡಿದವರಿಗೆ ಸೈಬೀರಿಯಾದಲ್ಲಿ 125 ದೊಡ್ಡ ಕೆರೆಗಳು ಪೂರ್ತಿ ಮಾಯವಾಗಿದ್ದು ಕಂಡಿತ್ತು. ಇದೆಲ್ಲ ನನ್ನ ತಲೆಗೆ ಹತ್ತಲು ಎರಡು ವರ್ಷ ಬೇಕಾಯಿತು. ನಮ್ಮ ಟೀಮ್ ಲೀಡ್‌ಗಂತೂ ಈಗಲೂ ಎಣಿಕೆ ಒಂದು ಸಿಕ್ಕರೆ ಸಾಕು. ದೊಡ್ಡಪ್ಪ ಮೂರು ಪ್ರಶ್ನೆಗೆ ಅಲ್ಲಿ ಮುಟ್ಟಿದರು.

"ನಮ್ಮ ಕೆರೆ ತೋರ್ಸು" ಅಂದರು. ಸೆಂಟಿನೆಲ್-2 ಉಪಗ್ರಹದ ಚಿತ್ರ ತೆಗೆದೆ. ಅದರಲ್ಲಿ ಒಂದು ಚುಕ್ಕಿ ಅಂದರೆ 10 ಮೀಟರ್‌ಗೆ 10 ಮೀಟರ್ ನೆಲ, ಹೆಚ್ಚುಕಡಿಮೆ ಒಂದು ಗುಂಟೆ. ಗುಂಟೆ ಅಂದದ್ದೇ ತಡ, ಅವರಿಗೆ ಉಪಗ್ರಹದ ಮೇಲೆ ನಂಬಿಕೆ ಬಂತು! ಆದರೆ ನನ್ನ ಪ್ರೋಗ್ರಾಮ್ ನಮ್ಮ ಕೆರೆಯನ್ನು ನೆಲ ಅಂದಿತು. ಕೆರೆಯಂಗಳದಲ್ಲೆಲ್ಲ ಜಾಲಿ, ಚೂರು ನೀರಿರುವ ಕಡೆ ಜೊಂಡು. ಮೇಲೆ ಹಸಿರು ಮುಚ್ಚಿಕೊಂಡರೆ ಕೆಳಗಿನ ನೀರು ಅದಕ್ಕೆ ಕಾಣುವುದಿಲ್ಲ.

ಏರಿ ಮಾತ್ರ ಬಿಲ್ಲಿನ ಹಾಗೆ ಸ್ಪಷ್ಟವಾಗಿತ್ತು. ದೊಡ್ಡಪ್ಪ ಅದರ ಮೇಲೇ ಬೆರಳು ಎಳೆದರು. ತೂಬು ಇಲ್ಲಿ. ಕೋಡಿ ಇಲ್ಲಿ. ಕೋಡಿ ಪಕ್ಕ ಮೂರು ಗುಂಟೆ ಒತ್ತಿಕೊಂಡಿದ್ದಾನೆ ಅಂತ ಒಬ್ಬನ ಹೆಸರೂ ಹೇಳಿದರು. ಹೆಸರು ಇಲ್ಲಿ ಬೇಡ, ನೆಂಟನೇ.

ರಾತ್ರಿ ದೀಪ ಆರಿಸಿದ ಮೇಲೆ ಕತ್ತಲಲ್ಲಿ ಮತ್ತೆ ದನಿ.

"ಆ ಐಸಿನ ಊರಲ್ಲಿ ನೀರುಗಂಟಿ ಯಾರು?"

"ಯಾರೂ ಇಲ್ಲ ದೊಡ್ಡಪ್ಪ."

"ಮತ್ತೆ! ನಿಲ್ಲು ಅಂದ್ರೆ ನೀರು ನಿಲ್ತದಾ?" ಅಂದವರೇ ಮಗ್ಗಲು ಬದಲಿಸಿದರು.