ಇದನ್ನ ಬರೆದವರು ಯಾರು?

ಈ ಸಲದ ಸಂಚಿಕೆಗೆ ಏನಾದರೂ ಬರೆದು ಕೊಡಿ ಎಂದು ಕಾಲೇಜಿನಿಂದ ಫೋನ್ ಬಂದಾಗ ನನಗೆ ಥಟ್ಟನೆ ನೆನಪಾದದ್ದು ಲೈಬ್ರರಿ ಎದುರಿನ ಗೋಡೆ. ಅಲ್ಲಿ ಒಂದು ಗಾಜಿನ ಪೆಟ್ಟಿಗೆ ಇತ್ತು. ಹದಿನೈದು ದಿನಕ್ಕೊಮ್ಮೆ ಅದರೊಳಗೆ ನಮ್ಮ ಗೋಡೆ ಪತ್ರಿಕೆ ಹೊಸದಾಗಿ ಬರುತ್ತಿತ್ತು. 1994ರಿಂದ 1997ರವರೆಗೆ, ನಾನು ಧಾರವಾಡದಲ್ಲಿ ಬಿ.ಎ. ಓದಿದ ಮೂರೂ ವರ್ಷ, ಆ ಪೆಟ್ಟಿಗೆಯ ಕೀಲಿ ನಮ್ಮ ಹತ್ತಿರವೇ ಇತ್ತು.

ಬರೆಯುವವರು ನಾವು ಆರೇಳು ಮಂದಿ. ಗೋಡೆಗೆ ಹೋಗುತ್ತಿದ್ದದ್ದು ಮಾತ್ರ ಒಬ್ಬನ ಅಕ್ಷರದಲ್ಲಿ. ಅವನು ಸವಣೂರಿನವನು. ಸಪ್ತಾಪುರದಲ್ಲಿ ನಮ್ಮಿಬ್ಬರದು ಒಂದೇ ರೂಮು, ಒಂದೇ ಖಾನಾವಳಿ. ರಾತ್ರಿ ಊಟ ಮುಗಿಸಿ ಬಂದು ಡ್ರಾಯಿಂಗ್ ಶೀಟನ್ನು ನೆಲಕ್ಕೆ ಹಾಸುತ್ತಿದ್ದ. ಪೆನ್ಸಿಲಿನಿಂದ ತೆಳ್ಳಗೆ ಗೆರೆ ಎಳೆದು, ಕಪ್ಪು ಸ್ಕೆಚ್ ಪೆನ್ ಹಿಡಿದು ಕೂತರೆ ಏಳುವಾಗ ಹನ್ನೆರಡು ದಾಟಿರುತ್ತಿತ್ತು. ಒಂದಕ್ಷರ ತಪ್ಪಿದರೂ ಬ್ಲೇಡಿನಿಂದ ಕೆರೆಯಬೇಕು. ಅದಕ್ಕೇ ಅವನು ಪೆನ್ನು ಮುಟ್ಟುವ ಮೊದಲು ನಾವು ಬರೆದದ್ದನ್ನು ಎರಡು ಸಲ ಓದುತ್ತಿದ್ದ. "ಈ ಸಾಲು ತಗೀಲೇ, ಸುಮ್ನ ಕೈ ನೋಯ್ತದ" ಅನ್ನುತ್ತಿದ್ದ. ಅವನು ಬೇಡ ಅಂದ ಸಾಲು ನಿಜಕ್ಕೂ ಬೇಡದ್ದೇ ಆಗಿರುತ್ತಿತ್ತು. ಆಮೇಲೆ ಇಷ್ಟು ಪ್ರೀತಿಯಿಂದ ನನ್ನ ಬರಹ ತಿದ್ದಿದವರು ಯಾರೂ ಸಿಗಲಿಲ್ಲ.

ಪೆಟ್ಟಿಗೆ ಸೇರುವ ಮೊದಲು ಹಾಳೆಯನ್ನು ಇತಿಹಾಸದ ಸರ್ ನೋಡಬೇಕಿತ್ತು. ಅವರು ಕಾಗುಣಿತ ನೋಡುತ್ತಿದ್ದದ್ದು ಕಡಿಮೆ. ಬೆರಳಿಟ್ಟು ಕೇಳುತ್ತಿದ್ದರು: "ಇದನ್ನ ಬರದಾವ್ರು ಯಾರು? ಅವರಿಗೆ ಹೆಂಗ ಗೊತ್ತಾತು?" ಬರೆದವರ ಹೆಸರಿಲ್ಲದೆ ಒಂದು ಚುಟುಕವೂ ಒಳಗೆ ಹೋಗುತ್ತಿರಲಿಲ್ಲ.

ಎರಡನೇ ವರ್ಷ ಅವರು ನಮ್ಮನ್ನು ಹಾವೇರಿ ಹತ್ತಿರದ ಒಂದು ಹಳ್ಳಿಗೆ ಕರೆದುಕೊಂಡು ಹೋದರು. (ಆಗ ಹಾವೇರಿ, ಗದಗ ಎರಡೂ ಧಾರವಾಡ ಜಿಲ್ಲೆಯಲ್ಲೇ ಇದ್ದವು. ಬೇರೆ ಜಿಲ್ಲೆ ಆದದ್ದು 1997ರಲ್ಲಿ.) ಹನುಮಪ್ಪನ ಗುಡಿ ಪಕ್ಕ ಒಂದು ವೀರಗಲ್ಲು. ಕೆಳಗೆ ದನಗಳು ಮತ್ತು ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ, ಅದರ ಮೇಲೆ ಸೂರ್ಯ ಚಂದ್ರ. ನಡುವಿನ ಪಟ್ಟಿಗಳಲ್ಲಿ ಅಕ್ಷರ. ಬರಿಗಣ್ಣಿಗೆ ಗೀರುಗಳ ಹಾಗೆ ಕಾಣುತ್ತಿದ್ದವು.

ಸರ್ ಪಡಿಯಚ್ಚು ತೆಗೆಯುವುದನ್ನು ಕಲಿಸಿದರು. ಮೊದಲು ನೀರು ಹಾಕಿ ಬ್ರಷ್‌ನಿಂದ ಕಲ್ಲು ತಿಕ್ಕಬೇಕು. ಒದ್ದೆ ಹಾಳೆಯನ್ನು ಮೇಲೆ ಹಾಸಿ, ಗಾಳಿ ಉಳಿಯದ ಹಾಗೆ ಬ್ರಷ್‌ನಿಂದ ತಟ್ಟುತ್ತಾ ಹೋಗಬೇಕು. ಜೋರಾಗಿ ತಟ್ಟಿದರೆ ಹಾಳೆ ಹರಿಯುತ್ತದೆ. ಮೆಲ್ಲಗೆ ತಟ್ಟಿದರೆ ಅಕ್ಷರದ ಗುಳಿಯೊಳಗೆ ಇಳಿಯುವುದಿಲ್ಲ. ಅರ್ಧ ಒಣಗಿದ ಮೇಲೆ ಬಟ್ಟೆಯ ಉಂಡೆಯಿಂದ ಮಸಿ ಒತ್ತಬೇಕು. ಸವಣೂರಿನ ಗೆಳೆಯನ ಕೈಯಲ್ಲಿ ಆ ಮಸಿ ಉಂಡೆ ಇತ್ತು. ಅವನು ಒತ್ತುತ್ತಾ ಹೋದ ಹಾಗೆ ಸುತ್ತ ಕಪ್ಪಾಗಿ, ಒಂದೊಂದೇ ಬಿಳಿ ಅಕ್ಷರ ಎದ್ದು ಬಂತು. ಊರಿನ ಹುಡುಗರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ನಾವೂ ಅಷ್ಟೇ. ಕೊನೆಯ ಸಾಲಿನಲ್ಲಿ ಕಲ್ಲು ಕಡೆದವನ ಹೆಸರಿತ್ತು. ಸರ್ ಅದನ್ನು ಓದಿ, ನಮ್ಮ ಕಡೆ ತಿರುಗಿ, "ನೋಡ್ರಿ, ಇವನೂ ಹೆಸರು ಹಾಕ್ಯಾನ" ಅಂದರು.

ಅತ್ತಿಮಬ್ಬೆಯ ವಿಷಯ ನಾನು ಕೇಳಿದ್ದೂ ಅವರಿಂದಲೇ. ಗದಗ ಹತ್ತಿರದ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದವಳು ಅವಳು, ಅಲ್ಲಿ 1007ರ ಶಾಸನವಿದೆ. ಪೊನ್ನನ ಶಾಂತಿಪುರಾಣ ಉಳಿಯಲಿ ಎಂದು ಸಾವಿರ ಪ್ರತಿ ಬರೆಸಿ ಹಂಚಿದಳು. ಸಾವಿರ ಅಂದರೆ ಎಷ್ಟು ಎಂದು ಸರ್ ಕ್ಲಾಸಿನಲ್ಲಿ ಲೆಕ್ಕ ಹಾಕಿಸಿದ್ದರು. ಎಷ್ಟು ತಾಳೆಗರಿ, ಗರಿಯ ಮೇಲೆ ಕೊರೆದು ಬರೆಯುವ ಕಂಟ ಎಷ್ಟು, ಎಷ್ಟು ಜನ ಲಿಪಿಕಾರರು, ಎಷ್ಟು ದಿನ. ಪ್ರತಿ ಪ್ರತಿಗೂ ಒಬ್ಬ ಮನುಷ್ಯ ಮೊದಲಿನಿಂದ ಕೊನೆಯವರೆಗೆ ಓದಿ, ಬರೆದು ಮುಗಿಸಬೇಕಿತ್ತು. ಇನ್ನು ನಮ್ಮ ಹಾವೇರಿ ಕಡೆಯ ಗಳಗನಾಥರು (1869–1942). ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು, ಊರೂರು ನಡೆದು ಮಾರಿದರು. ಕೊಂಡು ಓದುವವನ ಮುಖ ನೋಡಿ ಪುಸ್ತಕ ಕೈಗಿಟ್ಟ ಲೇಖಕ. ನಾನು ಬರೆಯಲು ಕೂತಾಗೆಲ್ಲ ಆ ಗಂಟು ನೆನಪಾಗುತ್ತದೆ.

ಕಾಲೇಜು ಮುಗಿದ ಮೇಲೆ ಗೆಳೆಯನೂ ನಾನೂ ಕೆಲವು ವರ್ಷ ಇನ್‌ಲ್ಯಾಂಡ್ ಪತ್ರ ಬರೆದೆವು. ಜಾಗ ಸಾಲದೆ ಮಡಚುವ ಅಂಚಿನಲ್ಲೂ ಬರೆಯುತ್ತಿದ್ದ. ಅಂಟು ಬಿಡಿಸುವಾಗ ಅಲ್ಲಿನ ಎರಡು ಪದ ಹರಿದು ಹೋಗುತ್ತಿದ್ದವು. ಆಮೇಲೆ ನೌಕರಿ, ಮದುವೆ, ಮಕ್ಕಳು. ಪತ್ರ ನಿಂತವು.

2015ರಲ್ಲಿ ಯಾರೋ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪ್ ಮಾಡಿದರು. ಅದರಿಂದ ಆದ ಒಳ್ಳೆಯದನ್ನು ನಾನು ಮರೆಯುವುದಿಲ್ಲ. ಒಬ್ಬ ಗೆಳತಿಯ ಗಂಡನಿಗೆ ಹುಬ್ಬಳ್ಳಿಯಲ್ಲಿ ರಾತ್ರಿ ರಕ್ತ ಬೇಕಾದಾಗ ಬೆಳಗಾಗುವುದರೊಳಗೆ ನಾಲ್ಕು ಜನ ಹೋಗಿ ನಿಂತಿದ್ದರು. ಇಪ್ಪತ್ತು ವರ್ಷ ಮಾತಿಲ್ಲದವರು! ಸರ್ ತೀರಿಕೊಂಡ ಸುದ್ದಿ ಗೊತ್ತಾದದ್ದೂ ಅದರಲ್ಲೇ. ಎಲ್ಲರೂ ಕೈ ಮುಗಿಯುವ ಚಿತ್ರ ಹಾಕಿದೆವು. ಸವಣೂರಿನವನು ಮಾತ್ರ ಒಂದು ಪುಟ ಕೈಯಲ್ಲಿ ಬರೆದು ಅದರ ಫೋಟೋ ಹಾಕಿದ. ಅದೇ ಕಪ್ಪು ಸ್ಕೆಚ್ ಪೆನ್, ಅದೇ ಅಕ್ಷರ. ಕೆಳಗೆ ಹೆಸರು. ಬಸ್ ಸ್ಟ್ಯಾಂಡಿನಲ್ಲಿ ನಿಂತು ಅದನ್ನು ಓದುತ್ತಾ ಅತ್ತುಬಿಟ್ಟೆ.

ಆ ಗ್ರೂಪಿನಿಂದ ಅವನು ಹೊರಗೆ ಹೋಗಿದ್ದು ನನ್ನಿಂದ. 2018ರ ಬೇಸಿಗೆ. ಹಳೆಯ ಕಾಲದ ಒಬ್ಬ ಅರಸನ ಬಗ್ಗೆ ಉದ್ದನೆಯ ಬರಹವೊಂದು ನನಗೆ ಬಂತು. 'ನಿಜವಾದ ಇತಿಹಾಸ' ಎಂದು ಶುರುವಾಗಿತ್ತು. ಮೊದಲ ನಾಲ್ಕು ಸಾಲು ಓದಿ ಫಾರ್ವರ್ಡ್ ಮಾಡಿದೆ. ಕೊನೆಯಲ್ಲಿ ನನ್ನ ಗೆಳೆಯನ ಜನರ ಬಗ್ಗೆ ಬಹಳ ಕೆಟ್ಟ ಮಾತುಗಳಿದ್ದವು. ನಾನು ಅಲ್ಲಿಯವರೆಗೆ ಹೋಗಿರಲಿಲ್ಲ. ಅವನು ಹೋಗಿದ್ದ. ಮೊದಲಿನಿಂದಲೂ ಕೊನೆಯವರೆಗೆ ಓದುವವನು ಅವನೇ ಅಲ್ವಾ.

ರಾತ್ರಿ ಫೋನ್ ಮಾಡಿದೆ. ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಬರದಾವ್ರು ಯಾರೋ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ವರ್ಷ ಜುಲೈನಲ್ಲಿ ಇಂಥ ಸುಳ್ಳು ಸುದ್ದಿಗಳಿಂದ ಜೀವಗಳೇ ಹೋದ ಮೇಲೆ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದು ಎಂದು ವಾಟ್ಸಾಪ್ ಮಿತಿ ಹಾಕಿತು. ನನಗೆ ಒಂದು ಕಡೆ ಕಳಿಸಿದ್ದೇ ಸಾಕಾಗಿತ್ತು.

ಮುಂದಿನ ಭಾನುವಾರ ಸವಣೂರಿಗೆ ಹೋದೆ. ತಪ್ಪಾಯಿತು ಅಂದೆ. ಅವನ ತಾಯಿ ಚಹಾ ಕೊಟ್ಟರು, "ಭಾಳ ದಿನಕ್ಕ ಬಂದೀಯಪ್ಪಾ" ಅಂದರು. ಸಂಜೆ ದೊಡ್ಡಹುಣಸೆ ಮರಗಳ ಕೆಳಗೆ ಇಬ್ಬರೂ ಕೂತೆವು. ಆ ಬರಹದ ಮಾತು ಅವನು ತೆಗೆಯಲಿಲ್ಲ. ಗ್ರೂಪಿಗೂ ತಿರುಗಿ ಬರಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಈಗ ಅವನು ಹೈಸ್ಕೂಲ್ ಮಾಸ್ತರ. ಹೋದ ತಿಂಗಳು ನನಗೊಬ್ಬನಿಗೇ ಒಂದು ಫೋಟೋ ಕಳಿಸಿದ. ಅವನ ಶಾಲೆ ಇರುವ ಊರಿನ ಕೆರೆ ಏರಿ ಮೇಲೆ ಒಂದು ವೀರಗಲ್ಲು ಸಿಕ್ಕಿದೆ. ಎರಡನೇ ಸಾಲಿನ ಮೂರನೇ ಅಕ್ಷರ ಅವನು 'ಪ' ಅನ್ನುತ್ತಾನೆ, ನಾನು 'ವ' ಅನ್ನುತ್ತೇನೆ. ಹದಿನೈದು ದಿನದಿಂದ ಇದೇ ಮಾತು ನಡೆದಿದೆ. ಫೋಟೋದಲ್ಲಿ ತೀರ್ಮಾನ ಆಗುವ ಹಾಗಿಲ್ಲ. ದೀಪಾವಳಿ ರಜೆಗೆ ನೀರಿನ ಕೊಡ, ಬ್ರಷ್, ಮಸಿ ಅವನು ತರುತ್ತಾನೆ. ಹಾಳೆ ನಾನು ಒಯ್ಯಬೇಕು.